ಏಳು ಹಾಡು, ಎರಡು ದನಿ

ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಮಡಕೆಯವರ ಸಾಲು ಮುಗಿದು ಒಣಮೀನಿನವರ ಸಾಲು ಶುರುವಾಗುವ ತಿರುವಿನಲ್ಲಿ ಕಾಳಿಬಾಯಿ ಕೂರುತ್ತಾಳೆ. ಕನ್ನಡಿ ಚೂರು ಕೂರಿಸಿದ ಚೀಲ, ಕವಡಿ ಪೋಣಿಸಿದ ಸೊಂಟಪಟ್ಟಿ, ಮಣಿಸರ, ಹಳೆಯ ಕಸೂತಿಯ ತುಂಡುಗಳನ್ನು ಜೋಡಿಸಿ ಹೊಲಿದ ಹಾಸು, ಇವು ಅವಳ ಸರಕು. ಮೊದಲೆಲ್ಲ ಇದನ್ನೇ ಹೆಗಲ ಮೇಲೆ ಹೊತ್ತು ಅಂಜುಣದ ಕಡಲದಂಡೆಯ ಉದ್ದಕ್ಕೂ ನಡೆಯುತ್ತಿದ್ದಳು. ಮರಳಿನಲ್ಲಿ ಮೊಣಕಾಲು ಮಾತು ಕೇಳದಂತಾದ ಮೇಲೆ ದಂಡೆಯನ್ನು ಸೊಸೆ ಲತಾಳಿಗೆ ಬಿಟ್ಟುಕೊಟ್ಟು, ಸಂತೆಯನ್ನಷ್ಟೇ ತನಗೆ ಇಟ್ಟುಕೊಂಡಳು. ಪಕ್ಕದಲ್ಲಿ ಲಾಲಿಬಾಯಿ ಕೂರುತ್ತಾಳೆ. ಇಬ್ಬರೂ ವಿಜಯಪುರದ ಕಡೆಯ ಲಂಬಾಣಿ ತಾಂಡಾಗಳವರು, ಗೋವಾಕ್ಕೆ ಬಂದು ನಲವತ್ತು ವರ್ಷ ದಾಟಿದವರು.

ಎರಡು ವರ್ಷದ ಹಿಂದೆ, ಜನವರಿಯ ಒಂದು ಶುಕ್ರವಾರ, ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಇವರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಚೀಲ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಕನ್ನಡದಲ್ಲೇ ಮಾತಾಡಿದಳು.

“ಆಯಿ, ಹಿಂದಕ ಡಿಚೋಲಿಯೊಳಗ ಥಾವರ್ ಅಂತ ಒಬ್ರು ಟ್ರಕ್ ಕ್ಲೀನರ್ ಇದ್ರಂತ. ಗಿಟಾರ್ ಬಾರಸ್ತಿದ್ರಂತ. ನಿಮ್ಮ ಮಂದಿಯವ್ರ ಇರಬೇಕು. ಗೊತ್ತೇನ್ರಿ?”

ಕಾಳಿಬಾಯಿ ಗೊತ್ತಿಲ್ಲ ಎಂದಳು. ಯೋಚಿಸಿ ಹೇಳಿದ ಮಾತಲ್ಲ ಅದು. ಅವಳ ಅನುಭವದಲ್ಲಿ, ಹೆಸರು ಹಿಡಿದು ಹುಡುಕಿಕೊಂಡು ಬಂದವರು ಯಾವತ್ತೂ ಒಳ್ಳೆಯ ಸುದ್ದಿ ತಂದವರಲ್ಲ. ಯಾವ ಊರು, ಎಷ್ಟು ವರ್ಷವಾಯಿತು, ಯಾರ ಜಾಗದಲ್ಲಿದ್ದೀರಿ, ಕಾಗದ ತೋರಿಸಿ, ಇಷ್ಟೇ ಅವರ ಕೆಲಸ. ಲಾಲಿಬಾಯಿ ಬಾಯಿ ತೆರೆಯಲು ಹೋದಾಗ ಅವಳ ತೊಡೆಯನ್ನು ಮೆಲ್ಲಗೆ ಒತ್ತಿದಳು.

ಹುಡುಗಿ ಬೇಸರಪಡಲಿಲ್ಲ. ಒಂದು ಹಾಡು ಕೇಳಿಸುತ್ತೇನೆ, ಆಮೇಲೆ ಹೇಳಿ ಎಂದು ಫೋನನ್ನು ಚಾದರದ ಮೇಲಿಟ್ಟಳು. ಮೊದಲು ಒಂದು ತಂತಿ ನರಳಿದಂತೆ ಕೇಳಿತು. ಅದು ಜಾರುತ್ತ ಮೇಲೇರಿ ನಿಂತ ಕಡೆ ಒಬ್ಬ ಗಂಡಸು ಹಾಡತೊಡಗಿದ. ಏಳು ಸಲ ಒಗೆದರೂ ಅಂಗಿಯ ಕೆಂಪು ಹೋಗಲಿಲ್ಲ ಎಂಬ ಸಾಲು. ಅದೇ ಸಾಲನ್ನು ಮತ್ತೊಮ್ಮೆ ಹಾಡಿದ. ಕಾಳಿಬಾಯಿ ಮಣಿ ಪೋಣಿಸುತ್ತಿದ್ದ ದಾರ ಹಿಡಿದೇ ಕೂತಳು. ಮೂರನೆಯ ಸಾಲಿನ ಜಾಗ ಬಂತು. ಅಲ್ಲಿ ಗಿಟಾರ್ ಮಾತ್ರ ಇತ್ತು. ಫೋನ್ ಸಣ್ಣದು, ಸಂತೆಯ ಗದ್ದಲ, ಅದಕ್ಕೇ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳು. ಆದರೂ ಎದೆಯಲ್ಲಿ ಏನೋ ಚುಚ್ಚಿದಂತಾಯಿತು.

ಗೊತ್ತಿಲ್ಲವೆಂದು ಇನ್ನೊಮ್ಮೆ ಹೇಳಿದಳು. ಹುಡುಗಿ ಒಂದು ಚೀಟಿಯಲ್ಲಿ ತನ್ನ ಹೆಸರು ಅಶ್ವಿನಿ ಎಂದು ಬರೆದು, ಫೋನ್ ನಂಬರು ಕೊಟ್ಟು ಹೋದಳು.

ಆ ಥಾವರ್ ಎಂದರೆ ಕಾಳಿಬಾಯಿಯ ಗಂಡ ಥಾವರಪ್ಪ.

ಮದುವೆಯಾದ ವರ್ಷವೇ ಇಬ್ಬರೂ ಗೋವಾದ ಗಣಿಯೂರು ಡಿಚೋಲಿಗೆ ಬಂದಿದ್ದರು. ಥಾವರಪ್ಪ ಅದಿರಿನ ಟ್ರಕ್ಕಿಗೆ ಕ್ಲೀನರ್ ಆದ. ಗಣಿಯಿಂದ, ದೋಣಿಗಳು ನಿಲ್ಲುವ ನದಿಯ ಧಕ್ಕೆಗೆ ಕೆಂಪು ಮಣ್ಣು ಹೊರುವ ಕೆಲಸ. ಮಳೆಗಾಲದಲ್ಲಿ ಟ್ರಕ್ಕುಗಳು ನಿಲ್ಲುತ್ತಿದ್ದವು. ಆಗ ಹೆಂಡತಿಯ ಗಂಟು ಹೊತ್ತುಕೊಂಡು ಮ್ಹಾಪಸಾದ ಸಂತೆಗೆ ಬರುತ್ತಿದ್ದ. ಸಂತೆಯ ಹಿಂದಿನ ಓಣಿಯಲ್ಲಿ ವಾದ್ಯಗಳ ರಿಪೇರಿಯ ಅಂಗಡಿಯೊಂದಿತ್ತು. ಅದರ ಯಜಮಾನ ಕಾಯ್ತಾನ್, ಎಲ್ಲರ ಬಾಯಲ್ಲಿ ಕಾಯ್ತಾನ್ ಬಾಬ್, ಹರೆಯದಲ್ಲಿ ಹಡಗಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದವ. ದೂರದ ಬಂದರೊಂದರಲ್ಲಿ ಕರಿಯ ಮುದುಕನೊಬ್ಬನಿಂದ ಒಂದು ಬಗೆಯ ಹಾಡಿಕೆ ಕಲಿತು ಬಂದಿದ್ದ. ಅದರ ಹೆಸರು ಬ್ಲೂಸ್ ಎಂದು ಹೇಳುತ್ತಿದ್ದ. ಕಷ್ಟದ ಮಾತನ್ನು ಒಮ್ಮೆ ಹಾಡಬೇಕು, ಅದನ್ನೇ ಇನ್ನೊಮ್ಮೆ ಹಾಡಬೇಕು, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ ಕೊಡಬೇಕು.

ಥಾವರಪ್ಪ ಇದನ್ನು ಮನೆಗೆ ಬಂದು ಹೇಳಿದಾಗ ಕಾಳಿಬಾಯಿಗೆ ಹೊಸದೆನಿಸಲಿಲ್ಲ. ತಾಂಡಾದಲ್ಲಿ ಮದುಮಗಳು ಗಂಡನ ಮನೆಗೆ ಹೊರಡುವಾಗ ತಾಯಿ, ಅಕ್ಕತಂಗಿಯರ ಕೊರಳು ತಬ್ಬಿ ಅಳುತ್ತಳುತ್ತ ಹಾಡುವುದುಂಟು. ಢಾವಲೊ ಎನ್ನುತ್ತಾರೆ. ಕಾಳಿಬಾಯಿಯ ತಾಂಡಾದಲ್ಲಿ ಅದರ ನಡೆಯೂ ಹೀಗೇ ಇತ್ತು. ಎರಡು ಸಲ ಅದೇ ಮಾತು, ಮೂರನೆಯದಕ್ಕೆ ತಬ್ಬಿಕೊಂಡವಳ ಉತ್ತರ. ಅವಳು ಒಂದು ಢಾವಲೊ ಹಾಡಿ ತೋರಿಸಿದಳು. ಅದನ್ನು ಕೇಳಿ ಥಾವರಪ್ಪ ಊಟ ಬಿಟ್ಟು ಕೂತ. ಮರುದಿನ ಕಾಯ್ತಾನ್ ಬಾಬನ ಹತ್ತಿರ ಹೋಗಿ, ಯಾರೋ ಬಿಟ್ಟುಹೋಗಿದ್ದ ಗಿಟಾರೊಂದನ್ನು ಕೇಳಿ ತಂದ. ಅದರ ಕತ್ತು ಬಾಗಿ ತಂತಿಗಳು ಬೆರಳೆತ್ತರ ನಿಂತಿದ್ದವು, ಒತ್ತಿ ನುಡಿಸುವ ಹಾಗಿರಲಿಲ್ಲ. ಟ್ರಕ್ಕಿನ ಒಂದು ಬುಷ್ಷನ್ನು, ಬೆರಳುದ್ದದ ಉಕ್ಕಿನ ಕೊಳವೆಯನ್ನು, ಕಿರುಬೆರಳಿಗೆ ತೊಡಿಸಿ ತಂತಿಯ ಮೇಲೆ ಜಾರಿಸಲು ಕಾಯ್ತಾನ್ ಬಾಬನೇ ಹೇಳಿಕೊಟ್ಟ. ಹಾಗೆ ಜಾರಿಸಿದಾಗ ಗಿಟಾರು ಅಳುವ ಹೆಂಗಸಿನ ಹಾಗೆ ಸ್ವರ ಎಳೆಯುತ್ತಿತ್ತು.

ಎಂಬತ್ತಾರರ ಮಳೆಗಾಲದಲ್ಲಿ ಕಾಯ್ತಾನ್ ಬಾಬ್ ಅಂಗಡಿಯ ಹಿಂದಿನ ಕೋಣೆಯಲ್ಲಿ ತನ್ನ ಸ್ಪೂಲ್ ಟೇಪ್‌ರೆಕಾರ್ಡರ್ ಇಟ್ಟು ನಾಲ್ಕು ದಿನ ಕೂತು ಏಳು ಹಾಡು ಹಿಡಿದುಕೊಂಡ. ಒಂದು ಕನ್ನಡದ್ದು, ಆರು ಲಂಬಾಣಿಯವು. ಆರು ತಿಂಗಳ ಮಗ ಪಾಂಡುವನ್ನು ಎತ್ತಿಕೊಂಡು ಕಾಳಿಬಾಯಿ ಬಾಗಿಲ ಬಳಿ ನಿಂತಿರುತ್ತಿದ್ದಳು. ಮೂರನೆಯ ಸಾಲು ಬಂದಾಗ ಅಲ್ಲಿಂದಲೇ ಹಾಡುತ್ತಿದ್ದಳು. ಮೈಕಿನ ಹತ್ತಿರ ಬಾ ಎಂದು ಕಾಯ್ತಾನ್ ಬಾಬ್ ಎಷ್ಟು ಕರೆದರೂ ಮುಸುಕು ಎಳೆದುಕೊಂಡು ತಲೆಯಾಡಿಸಿದಳೇ ಹೊರತು ಹೆಜ್ಜೆ ಮುಂದಿಡಲಿಲ್ಲ. ಕಡೆಗೆ ಅವನು, ಇರಲಿ, ಎಲ್ಲಿದ್ದಾಳೋ ಅಲ್ಲೇ ಇರಲಿ ಎಂದು ಯಂತ್ರದ ಗುಂಡಿ ಒತ್ತಿದ.

ಮುಂಬೈಯ ಕ್ಯಾಸೆಟ್ ಕಂಪನಿಯೊಂದಕ್ಕೆ ಅದರ ಪ್ರತಿ ಹೋಯಿತು. ಇದು ಯಾವ ಭಾಷೆ, ಇದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿ ಒಂದು ಕಾಗದ ಬಂತು. ಅಲ್ಲಿಗೆ ಮುಗಿಯಿತು. ಥಾವರಪ್ಪ ಡ್ರೈವರ್ ಆದ, ಇನ್ನಿಬ್ಬರು ಮಕ್ಕಳಾದರು, ಬಾಡಿಗೆಯ ಕೋಣೆಗಳು ಬದಲಾದವು. ಒಂದು ಮಳೆಗಾಲ ಸೋರುವ ಮೂಲೆಯಲ್ಲಿದ್ದ ಗಿಟಾರಿನ ಅಂಟು ಬಿಟ್ಟು ಹಲಗೆಗಳು ಹರವಿಕೊಂಡವು. ಕಾಯ್ತಾನ್ ಬಾಬ್ ತೀರಿಕೊಂಡ. ಗಣಿಗಳು ನಿಂತ ವರ್ಷ ಥಾವರಪ್ಪನೂ ಸ್ಟಿಯರಿಂಗ್ ಬಿಟ್ಟ. ಅಷ್ಟರಲ್ಲಿ ಟ್ರಕ್ಕು, ಕ್ರಷರುಗಳ ಸದ್ದು ಅವನ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತಿಂದುಹಾಕಿತ್ತು. ಹಾಡಿನ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪಾಂಡುವಿಗೆ ತನ್ನ ಅಪ್ಪ ಗಿಟಾರ್ ಹಿಡಿದಿದ್ದನೆಂಬುದೇ ಗೊತ್ತಿರಲಿಲ್ಲ.

ಚೀಟಿಯನ್ನು ಕಾಳಿಬಾಯಿ ಎರಡು ದಿನ ರವಿಕೆಯಲ್ಲೇ ಇಟ್ಟುಕೊಂಡಿದ್ದಳು. ಭಾನುವಾರ ಬೆಳಿಗ್ಗೆ ಥಾವರಪ್ಪ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಅವನ ಬಲಗಿವಿಗೆ ಬಾಯಿಟ್ಟು ಎಲ್ಲ ಹೇಳಿದಳು. ಅವನು ನಂಬಲಿಲ್ಲ. ಯಾವ ಹಾಡು ಎಂದು ಕೇಳಿದ. ಅವಳು ಕೆಂಪು ಅಂಗಿಯ ಹಾಡಿನ ಮೊದಲ ಸಾಲು ಗುನುಗಿದಳು. ಅವನ ಕೈ ನಿಂತಿತು.

“ಬಾಬನ ಟೇಪು ಇನ್ನೂ ಉಳದೈತಿ?” ಎಂದಷ್ಟೇ ಕೇಳಿದ.

ಹೋಗಿ ನೋಡೋಣ ಎಂದರೆ ಮಾತ್ರ ಒಪ್ಪಲಿಲ್ಲ. ಆಗಲೇ ಯಾರಿಗೂ ಬೇಡವಾಗಿದ್ದು ಈಗ ಯಾರಿಗೆ ಬೇಕು ಎಂದ. ಕಿವುಡ ಹೋಗಿ ಏನು ಕೇಳಲಿ ಎಂದ. ಕಾಳಿಬಾಯಿ ವಾದಕ್ಕಿಳಿಯಲಿಲ್ಲ. ಮಗನ ಕೈಗೆ ಚೀಟಿ ಕೊಟ್ಟು ಫೋನ್ ಮಾಡಿಸಿದಳು. ಮುಂದಿನ ಮಂಗಳವಾರ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಳು. ಥಾವರಪ್ಪ ಗೊಣಗುತ್ತಲೇ ಅದನ್ನು ತೊಟ್ಟುಕೊಂಡು ಪಣಜಿಯ ಬಸ್ಸು ಹತ್ತಿದ.

ಅಶ್ವಿನಿ ಕೆಲಸ ಮಾಡುವ ಸ್ಟುಡಿಯೋ ಎಂದರೆ ಗೋಡೆಗೆಲ್ಲ ಸ್ಪಂಜು ಬಡಿದ ಎರಡು ಸಣ್ಣ ಕೋಣೆ. ಅವಳು ಗೋವಾದ ಫಾತೋರ್ಡಾದಲ್ಲೇ ಬೆಳೆದ ಹುಡುಗಿ. ಅಪ್ಪ ಪರಶು ಗದಗಿನ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು ನಿಂತವನು. ಕಾಯ್ತಾನ್ ಬಾಬನ ಹಳೆಯ ಮನೆ ರಿಪೇರಿ ಮಾಡಿಸುವಾಗ ಮೊಮ್ಮಗನಿಗೆ ಬಿಸ್ಕೀಟಿನ ಡಬ್ಬಿಯಲ್ಲಿ ಸ್ಪೂಲುಗಳು ಸಿಕ್ಕಿದ್ದವಂತೆ, ಅವನು ಅವನ್ನು ಈ ಸ್ಟುಡಿಯೋಗೆ ತಂದುಕೊಟ್ಟಿದ್ದ. ಮೇಲೆ ‘ಥಾವರ್, ಟ್ರಕ್ ಕ್ಲೀನರ್, ಡಿಚೋಲಿ, ಮಳೆಗಾಲ ೮೬’ ಎಂದು ಬಿಟ್ಟರೆ ಏನೂ ಬರೆದಿರಲಿಲ್ಲ. ಯಾವ ಭಾಷೆಯೆಂದು ಸ್ಟುಡಿಯೋದಲ್ಲಿ ಯಾರಿಗೂ ತಿಳಿಯಲಿಲ್ಲ. ಅಶ್ವಿನಿಗೆ ಐದನೆಯ ಹಾಡು ಕನ್ನಡವೆಂದು ಕೂಡಲೇ ಗೊತ್ತಾಯಿತು. ಉಳಿದವು ತನ್ನ ಅಪ್ಪನ ಜೊತೆ ಕಲ್ಲು ಹೊರುತ್ತಿದ್ದ ಲಂಬಾಣಿ ಹೆಂಗಸರ ಮಾತಿನಂತಿವೆ ಎಂದು ಹೊಳೆಯಿತು. ಟೇಪು ಅಂಟಂಟಾಗಿತ್ತು. ಅದನ್ನು ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಒಣಗಿಸಿ, ಒಂದೇ ಒಂದು ಸಲ ಓಡಿಸಿ, ಕಂಪ್ಯೂಟರಿಗೆ ಇಳಿಸಿದ್ದಳು. ಆಮೇಲೆ ನಾಲ್ಕು ತಿಂಗಳು ಬಿಡುವಾದಾಗಲೆಲ್ಲ ಕೂತು ಗೊರಗೊರ ಸದ್ದನ್ನು ಎಳೆ ಎಳೆಯಾಗಿ ಬಿಡಿಸಿದ್ದಳು. ಇದನ್ನೆಲ್ಲ ಅವಳು ಥಾವರಪ್ಪನಿಗೆ ಹೇಳುವಾಗ ಪರೀಕ್ಷೆ ಬರೆದು ಬಂದವಳಂತೆ ಕೈ ಹಿಸುಕಿಕೊಳ್ಳುತ್ತಿದ್ದಳು.

ಥಾವರಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ಸದ್ದು ಏರಿಸಿದರು. ಮೊದಲ ಹಾಡಿಗೆ ಅವನು ಕಣ್ಣು ಮುಚ್ಚಿದ. ಎಡಗೈಯ ಕಿರುಬೆರಳು ತೊಡೆಯ ಮೇಲೆ ತಾನಾಗಿ ಜಾರತೊಡಗಿತು. ಕಾಳಿಬಾಯಿ ಅದನ್ನೇ ನೋಡುತ್ತಿದ್ದಳು. ಎರಡನೆಯ ಹಾಡು ಮುಗಿಯುವ ಹೊತ್ತಿಗೆ ಅವನ ಹುಬ್ಬು ಗಂಟಾಗಿತ್ತು. ಮೂರನೆಯದರ ನಡುವೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಕಾಳಿ ಎಲ್ಲಿ?” ಎಂದ.

ಇಲ್ಲೇ ಪಕ್ಕದಲ್ಲಿ ಕೂತಿದ್ದಾರಲ್ಲ ಎಂದು ಅಶ್ವಿನಿ ಕೈ ತೋರಿಸಿದಳು.

“ಇಲ್ಲಿ ಅಲ್ಲ ತಂಗಿ, ಇದರಾಗ. ಇದರಾಗ ಕಾಳಿ ಇಲ್ಲ. ನಾ ಎರಡು ಸಾಲು ಹಾಡಿ ಸುಮ್ಮನಾಗ್ತೇನಿ, ಮೂರನೇದು ಅಕಿದು. ಅದು ಇಲ್ಲಂದ್ರ ನಾ ಯಾಕ ಸುಮ್ಮನಾದ್ನಿ ಅಂತ ಕೇಳಾವ್ರಿಗೆ ಹೆಂಗ ತಿಳೀಬೇಕು?”

ಕಾಳಿಬಾಯಿಗೆ ಸಂತೆಯಲ್ಲಿ ಚುಚ್ಚಿದ್ದು ಇದೇ ಎಂದು ಆಗ ತಿಳಿಯಿತು. ಆದರೂ, ಇರಲಿ ಬಿಡ್ರಿ, ಆ ಹುಡುಗಿ ಎಷ್ಟೊಂದು ಕಷ್ಟಪಟ್ಟಾಳ ಎಂದು ಗಂಡನ ತೋಳು ಹಿಡಿದಳು. ಅವನು ಬಿಡಲಿಲ್ಲ. ಪದಗಳಲ್ಲಿ ಅರ್ಧ ಇವಳವೇ, ಧಾಟಿ ಇವಳ ಢಾವಲೊದಿಂದ ಬಂದದ್ದು, ತನ್ನದು ಬರೀ ಬುಷ್ಷು ಜಾರಿಸಿದ ಕೆಲಸ ಎಂದು ಹೇಳುತ್ತ ಹೋದ. ಮದುವೆಯಾದಂದಿನಿಂದ ಅವನು ಈ ಮಾತನ್ನು ಅವಳ ಮುಂದೆ ಒಮ್ಮೆಯೂ ಆಡಿರಲಿಲ್ಲ.

ಅಶ್ವಿನಿಯ ಮುಖ ಬಾಡಿತ್ತು. ಸ್ಪೂಲಿನಲ್ಲಿ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿಕೊಂಡು ತೆಳ್ಳಗೆ ಕೇಳುವುದುಂಟಂತೆ. ಮಳೆಯ ಸದ್ದಿನ ಒಳಗೆ ಕೇಳಿದ ಸಣ್ಣ ದನಿಯೂ ಅಂಥದ್ದೇ ಎಂದುಕೊಂಡು ಅವಳು ಮಳೆಯ ಜೊತೆ ಅದನ್ನೂ ಅಳಿಸಿಬಿಟ್ಟಿದ್ದಳು. ಮೂಲ ಹಾಗೇ ಇದೆ ಎಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಈ ಸಲ ಕೋಣೆಯ ದೊಡ್ಡ ಸ್ಪೀಕರಿನಲ್ಲೇ ಹಾಕಿದಳು.

ಮೊದಲು ಬಂದದ್ದು ತಗಡಿನ ಮೇಲೆ ಬೀಳುವ ಮಳೆ. ನಡುವೆ ಒಂದು ಮಗು ಕುಂಯ್‌ಗುಟ್ಟಿತು. ಥಾವರಪ್ಪ ಎರಡು ಸಾಲು ಹಾಡಿ ನಿಂತ. ಆಗ ಮಳೆಯ ಆಚೆಯಿಂದ, ತುಂಬ ದೂರದಿಂದ, ಒಬ್ಬ ಹೆಂಗಸು ಸಾಲನ್ನು ಎತ್ತಿಕೊಂಡಳು. ಅಂಗಿಯ ಕೆಂಪು ಹೋಗದಿದ್ದರೆ ಹೋಗದಿರಲಿ, ನನ್ನ ಲಂಗವೂ ಕೆಂಪೇ, ಬಾ, ಎರಡನ್ನೂ ಒಂದೇ ಹಗ್ಗಕ್ಕೆ ಹಾಕೋಣ ಎಂದು.

ಕಾಳಿಬಾಯಿ ಬಾಯಿಗೆ ಮುಸುಕು ಒತ್ತಿಕೊಂಡಳು. ಅದು ತನ್ನ ದನಿ ಎಂದು ಬುದ್ಧಿಗೆ ಗೊತ್ತು. ಆದರೆ ಆ ಇಪ್ಪತ್ತೆರಡರ ಹುಡುಗಿ ಯಾರೋ ಬೇರೆಯವಳಂತೆ, ತನಗಿಂತ ಧೈರ್ಯಸ್ಥೆಯಂತೆ ಕೇಳಿಸಿದಳು. ಅಷ್ಟು ವರ್ಷ ತಾನು ಅಂದು ಹೆದರಿಕೊಂಡೇ ಹಾಡಿದೆನೆಂದು ನಂಬಿದ್ದಳು. ದನಿಯಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಥಾವರಪ್ಪನಿಗೆ ಸ್ಪೀಕರಿನಿಂದ ಎಷ್ಟು ಕೇಳಿಸಿತೋ ಏನೋ. ಹೆಂಡತಿಯ ಮುಖ ನೋಡಿಯೇ ಅವನು ತಲೆದೂಗುತ್ತಿದ್ದ.

“ಮಳಿ ತಗದ್ರ ನಿಮ್ಮ ದನಿನೂ ಹೋಗ್ತೈತಿ, ಆಯಿ. ಎರಡೂ ಕೂಡೇ ಇರಲಿ. ನಾ ಮತ್ತ ಮೊದಲಿಂದ ಮಾಡ್ತೇನಿ,” ಎಂದಳು ಅಶ್ವಿನಿ.

ಮತ್ತೆ ಮೂರು ವಾರ ಹಿಡಿಯಿತು. ಈ ಸಲ ಗಂಡಹೆಂಡಿರಿಬ್ಬರೂ ಬಿಡುವಾದಾಗ ಹೋಗಿ ಕೂರುತ್ತಿದ್ದರು. ಯಾವ ಪದ ಎಲ್ಲಿ ಮುಳುಗಿದೆ, ಎಲ್ಲಿ ಉಸಿರು, ಎಲ್ಲಿ ಪಾಂಡು ಎಂದು ಕಾಳಿಬಾಯಿ ತೋರಿಸಿಕೊಡುತ್ತಿದ್ದಳು. ಹಾಡುಗಳ ಮುಖಪುಟದಲ್ಲಿ ಯಾರ ಹೆಸರು ಹಾಕಲಿ ಎಂದು ಅಶ್ವಿನಿ ಕೇಳಿದಾಗ ಥಾವರಪ್ಪ, ಮೊದಲು ಅವಳದು ಹಾಕು ಎಂದ. ಅದು ಚೆಂದ ಕಾಣುವುದಿಲ್ಲ ಎಂದು ಕಾಳಿಬಾಯಿ ಹಟ ಹಿಡಿದಳು. ಕೊನೆಗೆ ಒಂದೇ ಸಾಲಿನಲ್ಲಿ ಎರಡೂ ಹೆಸರು ಬಂದವು, ಕೆಳಗೆ ಕಾಯ್ತಾನ್ ಬಾಬನದು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಕೇಳುವಂತೆ ಹಾಡುಗಳನ್ನು ಬಿಟ್ಟರು.

ಮೇ ತಿಂಗಳ ಒಂದು ಸಂಜೆ ಕಾಯ್ತಾನ್ ಬಾಬನ ಮನೆಯ ಜಗಲಿಯಲ್ಲಿ ಮೊಮ್ಮಗ ಸಣ್ಣ ಕಾರ್ಯಕ್ರಮ ಇಟ್ಟುಕೊಂಡ. ನಲವತ್ತು ಜನ ಸೇರಿರಬಹುದು. ಗಿಟಾರಿನ ಹುಚ್ಚಿನ ಗೋವಾದ ಹುಡುಗರು ಒಂದು ಕಡೆ, ಸಂತೆಯ ಲಂಬಾಣಿ ಹೆಂಗಸರು ಇನ್ನೊಂದು ಕಡೆ. ಲಾಲಿಬಾಯಿ ಮದುವೆಗೆ ಬಂದವಳಂತೆ ಮೈತುಂಬ ಕನ್ನಡಿಯ ಬಟ್ಟೆ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ಟೇಪಿನ ಹಾಡು ಮುಗಿದ ಮೇಲೆ ಯಾರೋ ಥಾವರಪ್ಪನ ಕೈಗೆ ಗಿಟಾರ್ ಕೊಟ್ಟರು. ಪಾಂಡು ತಾನು ಕೆಲಸ ಮಾಡುವ ಗ್ಯಾರೇಜಿನಿಂದ ಒಂದು ಬುಷ್ಷನ್ನು ಉಜ್ಜಿ ತಂದಿದ್ದ. ಗಂಟುಗಟ್ಟಿದ ಬೆರಳಿಗೆ ಅದು ಕಷ್ಟಪಟ್ಟು ಇಳಿಯಿತು. ಮೊದಲಿನ ಆಟವೆಲ್ಲ ಅವನ ಕೈಲಾಗಲಿಲ್ಲ. ಮೂರೇ ಮೂರು ಸ್ವರವನ್ನು ನಿಧಾನವಾಗಿ ಎಳೆದು, ಎರಡು ಸಾಲು ಹಾಡಿ ನಿಲ್ಲಿಸಿದ. ನಿಲ್ಲಿಸಿ ಕಾದ.

ಹಾಡುತ್ತೇನೆಂದು ಕಾಳಿಬಾಯಿ ಯಾರಿಗೂ ಹೇಳಿರಲಿಲ್ಲ, ತನಗೇ ಹೇಳಿಕೊಂಡಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದಳು. ಮೈಕಿನಿಂದ ಮಾರು ದೂರದಲ್ಲಿ ಕಾಲು ನಿಂತುಬಿಟ್ಟಿತು. ಅಶ್ವಿನಿ ಅವಳನ್ನು ಮುಂದಕ್ಕೆ ಕರೆಯಲಿಲ್ಲ. ಮೈಕನ್ನೇ ಎತ್ತಿ ತಂದು ಅವಳ ಮುಂದಿಟ್ಟಳು. ಕಾಳಿಬಾಯಿ ಮೂರನೆಯ ಸಾಲು ಹಾಡಿದಳು. ದನಿ ಒಡೆದಿತ್ತು, ಮೊದಲಿಗಿಂತ ಎರಡು ಸ್ವರ ಕೆಳಗಿಳಿದಿತ್ತು. ಆದರೆ ಸಾಲನ್ನು ಪೂರ್ತಿ ಹಾಡಿದಳು, ಆಮೇಲೆ ಇಡೀ ಹಾಡನ್ನು ಹಾಡಿದಳು. ಹಿಂದಿನಿಂದ ಲಾಲಿಬಾಯಿಯ ದನಿಯೂ ಸೇರಿತು. ಪಾಂಡು ಗೋಡೆಗೆ ಒರಗಿ ನಿಂತು, ತನ್ನ ಅಪ್ಪ ಅವ್ವನನ್ನು ಈಗಷ್ಟೇ ಪರಿಚಯವಾದವರಂತೆ ನೋಡುತ್ತಿದ್ದ.

ಇದರಿಂದ ಅವರ ದಿನಚರಿಯೇನೂ ತಲೆಕೆಳಗಾಗಲಿಲ್ಲ. ಪತ್ರಿಕೆಯೊಂದರಲ್ಲಿ ಅರ್ಧ ಕಾಲಂ ಬಂತು. ಎಲ್ಲೆಲ್ಲಿಯವರೋ ಹಾಡು ಕೇಳಿ ಅಶ್ವಿನಿಗೆ ಬರೆದರು, ಅವಳು ಅದನ್ನು ಓದಿ ಕನ್ನಡದಲ್ಲಿ ಹೇಳಿದಳು. ಮಗನ ಒತ್ತಾಯಕ್ಕೆ ಥಾವರಪ್ಪ ಬಲಗಿವಿಗೆ ಯಂತ್ರ ಹಾಕಿಸಿಕೊಂಡ. ಶುಕ್ರವಾರಗಳಂದು ಒಬ್ಬಿಬ್ಬರು ಗಿಟಾರಿನ ಹುಡುಗರು ಸಂತೆಯಲ್ಲಿ ಚಾದರದ ಪಕ್ಕ ಬಂದು ಕೂರುತ್ತಾರೆ. ಅವನು ಅವರ ಬೆರಳು ಹಿಡಿದು, ಒತ್ತಬೇಡ, ತಂತಿಯ ಮೇಲೆ ತೇಲಿಸು ಎಂದು ತೋರಿಸುತ್ತಾನೆ. ತಾಂಡಾದ ಹೆಂಗಸರಿಗೆ ಗೊತ್ತಿರುವ ಢಾವಲೊಗಳನ್ನೆಲ್ಲ ಹಿಡಿದಿಡೋಣ ಎಂದು ಅಶ್ವಿನಿ ತಿಂಗಳಿಗೊಮ್ಮೆ ಸಣ್ಣ ಯಂತ್ರ ತರುತ್ತಾಳೆ. ಲಾಲಿಬಾಯಿ ಇದುವರೆಗೆ ಒಂಬತ್ತು ಹಾಡಿದ್ದಾಳೆ. ತನಗೆ ಇನ್ನೂ ಹೆಚ್ಚು ಬರುತ್ತವೆ ಎಂದು ಕಾಳಿಬಾಯಿಯೊಂದಿಗೆ ಜಿದ್ದಿಗೆ ಬಿದ್ದಿದ್ದಾಳೆ.

ಕಳೆದ ದೀಪಾವಳಿಯ ಮುಂಚೆ ಊರಿನಿಂದ ಕಾಳಿಬಾಯಿಯ ತಂಗಿ ಹೇಮಿಬಾಯಿಯ ಫೋನ್ ಬಂತು. ಯಾರೋ ಮೊಬೈಲಿನಲ್ಲಿ ಹಾಡು ಹಾಕಿದರಂತೆ, ಕಟ್ಟೆಯ ಮೇಲೆ ಕೂತು ಇಡೀ ತಾಂಡಾ ಕೇಳಿತಂತೆ. ದನಿ ಕೇಳಿದ ತಕ್ಷಣ, ಇದು ನಮ್ಮ ಕಾಳಿ ಎಂದು ತಾನೇ ಮೊದಲು ಹೇಳಿದೆ ಎಂದು ಹೇಮಿಬಾಯಿ ಕೊಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದಳು. ಬರುವ ತಿಂಗಳು ಅವಳ ಮೊಮ್ಮಗಳ ಮದುವೆ. ಅವ್ವ ಹಾಡುತ್ತಿದ್ದ ತವರ ಬಾವಿಯ ಢಾವಲೊದಲ್ಲಿ ಎರಡು ಸಾಲು ನೆನಪಿದೆ, ಮೂರನೆಯದು ತಾಂಡಾದಲ್ಲಿ ಯಾರಿಗೂ ಬರುತ್ತಿಲ್ಲ.

“ನಿನಗ ಬರತೈತೇನ, ಅಕ್ಕಾ?”

ಕಾಳಿಬಾಯಿ ಒಲೆಯ ಉರಿ ಸಣ್ಣ ಮಾಡಿದಳು. ಥಾವರಪ್ಪ ಕಿವಿಯ ಯಂತ್ರ ಸರಿಮಾಡಿಕೊಂಡು ಹತ್ತಿರ ಸರಿದ. ಆ ಕಡೆ ಹೇಮಿಬಾಯಿ ಹುಡುಗಿಯರನ್ನೆಲ್ಲ ಫೋನಿನ ಸುತ್ತ ಕೂರಿಸುತ್ತಿರುವುದು ಕೇಳಿಸುತ್ತಿತ್ತು. ಎಲ್ಲರೂ ಕೂತರೇ ಎಂದು ಕೇಳಿ, ಕಾಳಿಬಾಯಿ ಹಾಡತೊಡಗಿದಳು.